ಕಲ್ಪನಾ ಅವರ ಕೊನೆಯ ದಿನಗಳ ಕಥೆ ಸಾಕು, ಅವರ ಕೆಲಸದ ಬಗ್ಗೆ ಬರೆಯಿರಿ

ಮಾನ್ಯ ಸಂಪಾದಕರೇ,

ಮಿನುಗುತಾರೆ ಕಲ್ಪನಾ ಅವರನ್ನು ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಅಭಿಮಾನದಿಂದ, ಎರಡನೆಯ ಸಲ ಸಾಲು ಎಣಿಸುವುದಕ್ಕಾಗಿ. ಲೇಖನದ ಮುಕ್ಕಾಲು ಪಾಲು ಅವರ ಕೊನೆಯ ದಿನಗಳಿಗೆ, ಅವರ ಸುತ್ತ ಹುಟ್ಟಿಕೊಂಡ ಗಾಳಿಮಾತುಗಳಿಗೆ, ಯಾರು ಯಾರಿಗೆ ಏನೆಂದರು ಎಂಬ ಊಹೆಗಳಿಗೆ ಮೀಸಲಾಗಿತ್ತು. ಅವರು ನಟಿಸಿದ ಚಿತ್ರಗಳ ಹೆಸರುಗಳು ಮಾತ್ರ ಒಂದೇ ಪ್ಯಾರಾದಲ್ಲಿ, ಅಲ್ಪವಿರಾಮಗಳ ನಡುವೆ ಸಾಲುಗಟ್ಟಿ ನಿಂತು ಮುಗಿದುಹೋದವು. ತಮ್ಮ ಪತ್ರಿಕೆಯೊಂದನ್ನೇ ದೂರುವುದು ನ್ಯಾಯವಲ್ಲ. ಮೇ ತಿಂಗಳು ಬಂದರೆ ಸಾಕು, ಎಲ್ಲ ಕಡೆಯೂ ಇದೇ ಕಥೆ.

1943ರ ಜುಲೈ 18ರಂದು ಹುಟ್ಟಿದ ಅವರು 1979ರ ಮೇ 12ರಂದು, 36 ತುಂಬುವ ಮೊದಲೇ ತೀರಿಕೊಂಡರು. ಆ ದಿನದ ಬಗ್ಗೆ ಬರೆಯಬೇಕಾದುದಕ್ಕಿಂತ ಹೆಚ್ಚೇ ಬರೆದಾಗಿದೆ. ಬಿ.ಆರ್. ಪಂತುಲು ಅವರ ‘ಸಾಕು ಮಗಳು’ ಚಿತ್ರದಲ್ಲಿ ಡಾ. ರಾಜಕುಮಾರ್ ಅವರ ಎದುರು ನಾಯಕಿಯಾಗಿ ಕಾಣಿಸಿಕೊಂಡ 1963ರಿಂದ ಆ ದಿನದವರೆಗಿನ ಹದಿನಾರು ವರ್ಷಗಳಲ್ಲಿ ಅವರು ಏನು ಮಾಡಿದರು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಅಷ್ಟು ಆಸ್ಥೆಯಿಂದ ಕೇಳುವುದಿಲ್ಲ.

ನನ್ನ ತಿಳಿವಳಿಕೆಯಲ್ಲಿ ಉತ್ತರ ಇಷ್ಟು: ಕನ್ನಡದ ಲೇಖಕಿಯರು ಕಾದಂಬರಿಗಳಲ್ಲಿ ಸೃಷ್ಟಿಸಿದ್ದ ಹೆಣ್ಣಿಗೆ ಅವರು ತೆರೆಯ ಮೇಲೆ ಮುಖ ಕೊಟ್ಟರು. ‘ಬೆಳ್ಳಿಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’ ಮೂರೂ ತ್ರಿವೇಣಿಯವರ ಕಾದಂಬರಿಗಳು. ‘ಗೆಜ್ಜೆ ಪೂಜೆ’ ಎಂ.ಕೆ. ಇಂದಿರಾ ಅವರದು, ‘ಎರಡು ಕನಸು’ ವಾಣಿಯವರದು. ಕಲ್ಪನಾ ಅವರಿಗೆ ಶ್ರೇಷ್ಠ ನಟಿಯ ರಾಜ್ಯ ಪ್ರಶಸ್ತಿ ಬಂದ ಮೂರು ಚಿತ್ರಗಳು ಯಾವುವೆಂದು ನೋಡಿದರೆ, ಮೂರಕ್ಕೆ ಮೂರೂ ತ್ರಿವೇಣಿಯವರ ಕೃತಿಗಳೇ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, 35 ತುಂಬುವ ಮೊದಲು. ಅಂದರೆ ಕಲ್ಪನಾ ಚಿತ್ರರಂಗಕ್ಕೆ ಕಾಲಿಟ್ಟ ವರ್ಷದಲ್ಲೇ. ‘ಬೆಳ್ಳಿಮೋಡ’ದ ನಾಯಕಿ ಇಂದಿರೆಯನ್ನಾಗಲಿ ‘ಶರಪಂಜರ’ದ ನಾಯಕಿ ಕಾವೇರಿಯನ್ನಾಗಲಿ ತ್ರಿವೇಣಿಯವರು ತೆರೆಯ ಮೇಲೆ ನೋಡಲೇ ಇಲ್ಲ.

ನಮ್ಮ ತಾಯಿಯವರು ಬಾಡಿಗೆಯ ವಾಚನಾಲಯದಿಂದ ತಂದಿದ್ದ ‘ಶರಪಂಜರ’ದ ಪ್ರತಿ ನನಗಿನ್ನೂ ನೆನಪಿದೆ. ರಟ್ಟು ಕಿತ್ತುಹೋಗಿತ್ತು, ಹರಿದುಹೋದ ಕೊನೆಯ ಹಾಳೆಯ ಬದಲಿಗೆ ಪುಣ್ಯಾತ್ಮರು ಯಾರೋ ರೂಲು ಹಾಳೆಯ ಮೇಲೆ ಮಸಿಯಲ್ಲಿ ದುಂಡಗೆ ಬರೆದು ಗೋಂದಿನಿಂದ ಅಂಟಿಸಿದ್ದರು. ಬೀದಿಯ ಹೆಂಗಸರೆಲ್ಲ ಒಟ್ಟಾಗಿ ಆ ಚಿತ್ರಕ್ಕೆ ಹೋದಾಗ ಅವರಲ್ಲಿ ಅನೇಕರಿಗೆ ಕಥೆ ಮೊದಲೇ ಗೊತ್ತಿತ್ತು. ಅವರು ಹೋದದ್ದು ತಾವು ಮನಸ್ಸಿನಲ್ಲೇ ಕಂಡಿದ್ದ ಕಾವೇರಿಗೂ ತೆರೆಯ ಮೇಲಿನ ಕಾವೇರಿಗೂ ತಾಳೆಯಾಗುತ್ತದೆಯೇ ಎಂದು ನೋಡುವುದಕ್ಕೆ. ಅಂಥ ಪ್ರೇಕ್ಷಕರ ಮುಂದೆ ನಟಿಸಿ ಗೆಲ್ಲುವುದು ಸುಲಭದ ಮಾತಲ್ಲ.

1967ರ ‘ಬೆಳ್ಳಿಮೋಡ’ ಪುಟ್ಟಣ್ಣ ಕಣಗಾಲ್ ಅವರು ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ. ಇಂದಿರೆಯನ್ನು ಮದುವೆಯಾಗಬೇಕಾದ ಮೋಹನ ಅವಳ ತಂದೆಯ ಹಣದಲ್ಲೇ ವಿದೇಶಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟಿ, ಎಸ್ಟೇಟು ಅವಳ ಪಾಲಿಗಿಲ್ಲವೆಂದಾದಾಗ ಅವನ ಮನಸ್ಸೂ ಬದಲಾಗುತ್ತದೆ. ಮುಂದೆ ಅವನೇ ಕಾಲು ಮುರಿದುಕೊಂಡು ಮಲಗಿದಾಗ ಇಂದಿರೆ ಅವನ ಆರೈಕೆ ಮಾಡುತ್ತಾಳೆ, ಅವನು ಕರಗುತ್ತಾನೆ, ಮದುವೆಯ ಮಾತೆತ್ತುತ್ತಾನೆ. ಅವಳು ಒಲ್ಲೆನೆನ್ನುತ್ತಾಳೆ. ಅಂದಿನ ಚಿತ್ರಗಳ ವಾಡಿಕೆಯಂತಾದರೆ ಅಲ್ಲಿ ಮಂಗಳವಾದ್ಯ ಮೊಳಗಬೇಕಿತ್ತು. ಆರೈಕೆಯಲ್ಲಿ ಪ್ರೀತಿಯೂ ಇತ್ತು, ನಿರಾಕರಣೆಯಲ್ಲಿ ಸೇಡು ಇರಲಿಲ್ಲ ಎಂಬೆರಡನ್ನೂ ಪ್ರೇಕ್ಷಕ ಒಂದೇ ಹೊತ್ತಿನಲ್ಲಿ ನಂಬಬೇಕಾದರೆ ನಟಿಗೆ ಎಂಥ ಹದ ಬೇಕೆಂದು ಯೋಚಿಸಿ. ಆಗ ಕಲ್ಪನಾ ಅವರಿಗೆ ಸುಮಾರು 24 ವರ್ಷ.

ಇನ್ನು ಅನುಕರಣೆಯ ಮಾತು. ಈಚೆಗೆ ಬಂಧುಗಳ ಮನೆಯ ಸಮಾರಂಭವೊಂದರಲ್ಲಿ ಹುಡುಗಿಯೊಬ್ಬಳು ಕಲ್ಪನಾ ಅವರಂತೆ ನಟಿಸಿ ತೋರಿಸಿದಳು: ಸೆರಗನ್ನು ಮುಂಗೈ ಮೇಲೆ ಇಳಿಬಿಟ್ಟು, ಕಣ್ಣರಳಿಸಿ, ಮಾತಿನ ಕೊನೆಯ ಅಕ್ಷರವನ್ನು ಎಳೆದೆಳೆದು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರ ಯಾವ ಚಿತ್ರ ನೋಡಿದ್ದೀಯಮ್ಮ ಎಂದು ಆಮೇಲೆ ಕೇಳಿದರೆ ಒಂದನ್ನೂ ನೋಡಿಲ್ಲವಂತೆ. ಟಿ.ವಿ.ಯ ಹಾಸ್ಯ ಕಾರ್ಯಕ್ರಮದಲ್ಲಿ ಕಲ್ಪನಾ ಅವರನ್ನು ಅಣಕಿಸುವವರನ್ನು ಅವಳು ಅನುಕರಿಸುತ್ತಿದ್ದಳು! ಅಣಕಿಸುವವರು ಸಾಮಾನ್ಯವಾಗಿ ಆರಿಸಿಕೊಳ್ಳುವುದು 1971ರ ‘ಶರಪಂಜರ’ದ ಕೊನೆಯ ಆರ್ಭಟವನ್ನು. ನಾನು ಆ ಚಿತ್ರವನ್ನು ಮತ್ತೆ ಮತ್ತೆ ನೋಡುವುದು ಅದಕ್ಕಿಂತ ಹಿಂದಿನ ಭಾಗಕ್ಕಾಗಿ. ಬಾಣಂತಿತನದಲ್ಲಿ ಮನಸ್ಸು ಕದಡಿದ ಕಾವೇರಿ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳುತ್ತಾಳೆ. ಅವಳಿಗೆ ಕಾಯಿಲೆಯಿಲ್ಲ, ಆದರೆ ಮನೆಯವರ ಕಣ್ಣಲ್ಲಿ ಅದು ಹೋಗಿಲ್ಲ. ನಕ್ಕರೆ ಸಂಶಯ, ಸುಮ್ಮನಿದ್ದರೂ ಸಂಶಯ. ತನ್ನನ್ನು ಎಲ್ಲರೂ ಗಮನಿಸುತ್ತಿದ್ದಾರೆಂದು ತಿಳಿದ ಹೆಣ್ಣು ತನ್ನ ನಗುವನ್ನು ತಾನೇ ಅಳೆದು ನಗುವುದನ್ನು ಕಲ್ಪನಾ ಅಲ್ಲಿ ಅಭಿನಯಿಸಿದ್ದಾರೆ. ಮನಃಶಾಸ್ತ್ರ ಓದಿದ್ದ ತ್ರಿವೇಣಿಯವರು ಹೇಳಹೊರಟಿದ್ದೂ ಇದನ್ನೇ ಎಂದು ನನ್ನ ನಂಬಿಕೆ. ಕೊನೆಯ ಆರ್ಭಟ ಬರುವುದು ಈ ಅಳತೆಯೆಲ್ಲ ಮುರಿದುಬಿದ್ದ ಮೇಲೆ. ಹಿಂದಿನದನ್ನು ಕತ್ತರಿಸಿ ಅದೊಂದನ್ನೇ ತೋರಿಸಿದರೆ ಯಾರ ಅಭಿನಯವೂ ಅಣಕದಂತೆಯೇ ಕಂಡೀತು.

ಅವರ ಅಭಿನಯದಲ್ಲಿ ಅತಿ ಎನ್ನುವುದೇ ಇರಲಿಲ್ಲವೆಂದು ನಾನು ವಾದಿಸುವುದಿಲ್ಲ. ಕೆಲವು ಚಿತ್ರಗಳಲ್ಲಿ, ಬರವಣಿಗೆ ಸೊರಗಿದ್ದ ಕಡೆ, ಅವರು ದನಿಯೇರಿಸಿ ಅದನ್ನು ಮುಚ್ಚಲು ಹೊರಟಂತೆ ನನಗೂ ಅನ್ನಿಸಿದ್ದುಂಟು. ಆದರೆ ಅವರಿಗೆ ಅದೊಂದೇ ದಾರಿ ಗೊತ್ತಿತ್ತೆನ್ನುವವರು ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ ‘ಉಯ್ಯಾಲೆ’ಯನ್ನೊಮ್ಮೆ ನೋಡಬೇಕು. ಚದುರಂಗರ ಕಾದಂಬರಿಯನ್ನು ಆಧರಿಸಿದ ಆ ಚಿತ್ರದಲ್ಲಿ ಪುಸ್ತಕಗಳಲ್ಲೇ ಮುಳುಗಿದ ಪ್ರಾಧ್ಯಾಪಕನ ಹೆಂಡತಿಯಾಗಿ, ಮನೆಗೆ ಬಂದ ಇನ್ನೊಬ್ಬನತ್ತ ವಾಲುವ ಮನಸ್ಸನ್ನು ಅವರು ಹೆಚ್ಚು ಮಾತಿಲ್ಲದೆಯೇ ತೋರಿಸಿದ್ದಾರೆ. 1974ರ ‘ಎರಡು ಕನಸು’ ಚಿತ್ರದ ಗೌರಿಯೂ ಹಾಗೆಯೇ. ಗಂಡನ ಮನಸ್ಸು ಬೇರೆಲ್ಲೋ ಇದೆಯೆಂದು ಗೊತ್ತಿದ್ದೂ ಅವನ ಮನೆಯನ್ನು ತನ್ನದೆಂದೇ ನಡೆಸುವ ಹೆಣ್ಣು. ‘ಗಂಧದ ಗುಡಿ’, ‘ಬಯಲು ದಾರಿ’ಗಳ ಜನಪ್ರಿಯತೆಯ ಬಗ್ಗೆ ನಾನು ಹೇಳಬೇಕಾದ್ದೇನೂ ಇಲ್ಲ.

ತಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ಜುಲೈ 18ರಂದು, ಅವರ ಜನ್ಮದಿನಕ್ಕೆ, ಅವರ ಒಂದೇ ಒಂದು ಚಿತ್ರವನ್ನು ಆರಿಸಿಕೊಂಡು, ಅದರ ಮೂಲ ಕಾದಂಬರಿಯನ್ನೂ ಓದಿದವರಿಂದ ಒಂದು ಪುಟದ ಲೇಖನ ಬರೆಯಿಸಿ. ಅವರ ಚಿತ್ರಗಳ ಬಗ್ಗೆ ಬರೆಯುವಾಗ ಕಾದಂಬರಿಕಾರ್ತಿಯ ಹೆಸರನ್ನು ನಿರ್ದೇಶಕರ ಹೆಸರಿನ ಪಕ್ಕದಲ್ಲೇ ಅಚ್ಚುಮಾಡಿ. ಕಳೆದ ವಾರದ ಲೇಖನದಲ್ಲಿ ತ್ರಿವೇಣಿಯವರ ಹೆಸರು ಒಂದು ಸಲವೂ ಬಂದಿಲ್ಲ. ಜೊತೆಗೆ ಹಾಕುವ ಛಾಯಾಚಿತ್ರವೂ ಬದಲಾಗಲಿ. ಕೆದರಿದ ಕೂದಲಿನ ಕಾವೇರಿಯನ್ನು ಓದುಗರು ಸಾಕಷ್ಟು ಸಲ ನೋಡಿದ್ದಾರೆ. ಈ ಬಾರಿ ‘ಬೆಳ್ಳಿಮೋಡ’ದ ಇಂದಿರೆಯನ್ನು ಹಾಕಬಹುದು.

ಇತಿ ತಮ್ಮ ವಿಶ್ವಾಸಿ,
ಹಳೆಯ ಓದುಗ