ಆಷಾಢದ ಗಾಳಿಯನ್ನು ಕಣ್ಣಿಗೆ ತೋರಿಸಿದ ನಕ್ಷೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ಡಿಜಿಟಲ್ ವಿನ್ಯಾಸದ ಬಗ್ಗೆ ಬಂದ ಲೇಖನ ಓದಿದೆ. ನಾಲ್ಕು ಗೋಡೆಗೂ ಬಣ್ಣ ಚೆಲ್ಲುವ ಪ್ರದರ್ಶನಗಳ ಫೋಟೊ ಚೆನ್ನಾಗಿದ್ದವು. ಬೆಂಗಳೂರಿನಲ್ಲಿ ಅಂಥದೊಂದನ್ನು ನಾನೂ ನೋಡಿದ್ದೇನೆ, ಖುಷಿಯಾಗಿತ್ತು. ಆದರೆ ನನ್ನ ಕ್ಲಾಸಿನ ಮಕ್ಕಳು ಬೆಂಚು ಬಿಟ್ಟು ಎದ್ದು ಬರುವ ಹಾಗೆ ಮಾಡಿದ್ದು ಬೇರೆ ಒಂದು. ಲೇಖನದಲ್ಲಿ ಅದರ ಸುದ್ದಿ ಇರಲಿಲ್ಲ, ಅದಕ್ಕೇ ಈ ಪತ್ರ.

ಅರ್ತ್ ನಲ್‌ಸ್ಕೂಲ್ ಅಂತ ಅದರ ಹೆಸರು, ಗಾಳಿ ಹರಿಯುವುದನ್ನು ನಕ್ಷೆಯ ಮೇಲೆ ತೋರಿಸುವ ಒಂದು ವೆಬ್‌ಸೈಟ್. ಅಮೆರಿಕದ ಗಾಳಿಯನ್ನಷ್ಟೇ ತೋರಿಸುವ ಒಂದು ನಕ್ಷೆಯನ್ನು 2012ರಲ್ಲಿ ಫರ್ನಾಂಡಾ ವಿಯೆಗಾಸ್ ಮತ್ತು ಮಾರ್ಟಿನ್ ವಾಟನ್‌ಬರ್ಗ್ ಮಾಡಿದ್ದರು. ಅದು ಕ್ಯಾಮರಾನ್ ಬೆಕಾರಿಯೊ ಅನ್ನುವ ಸಾಫ್ಟ್‌ವೇರ್ ಎಂಜಿನಿಯರ್‌ಗೆ ಎಷ್ಟು ಹಿಡಿಸಿತು ಅಂದರೆ 2013ರಲ್ಲಿ ಇಡೀ ಭೂಮಿಗೇ ಅಂಥದ್ದು ಮಾಡಿಬಿಟ್ಟರು. ಕಪ್ಪು ಪರದೆ, ನಡುವೆ ಭೂಗೋಳ, ಅದರ ಮೇಲೆ ಕೂದಲೆಳೆಯಂಥ ಗೆರೆಗಳು ಹರಿಯುತ್ತಲೇ ಇರುತ್ತವೆ. ಅದೇ ಗಾಳಿ. ಜೋರಾದಂತೆ ಬಣ್ಣ ಬದಲಾಗುತ್ತದೆ. ಎಲ್ಲಾದರೂ ಒತ್ತಿದರೆ ಸಣ್ಣ ಹಸಿರು ಸುತ್ತು ಬಂದು, ಅಲ್ಲಿ ಗಾಳಿ ಯಾವ ದಿಕ್ಕಿನಿಂದ, ಎಷ್ಟು ವೇಗದಲ್ಲಿ ಬೀಸುತ್ತಿದೆ ಅಂತ ಹೇಳುತ್ತದೆ. ಅಮೆರಿಕದ ಹವಾಮಾನ ಕೇಂದ್ರದ ಸೂಪರ್ ಕಂಪ್ಯೂಟರ್ ಹಾಕಿದ ಲೆಕ್ಕವೇ ಹೀಗೆ ಗೆರೆಯಾಗಿ ಹರಿಯುವುದು.

ನಾನು ಹಿರಿಯೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳುತ್ತೇನೆ. ನಮ್ಮ ಕಡೆ ಆಷಾಢ ಅಂದರೆ ಗಾಳಿ. ಮೋಡ ಓಡುತ್ತದೆ, ಮಳೆ ಮಾತ್ರ ಇಲ್ಲ. ಹೋದ ಜುಲೈನಲ್ಲಿ ಪ್ರೊಜೆಕ್ಟರ್‌ನಲ್ಲಿ ಈ ನಕ್ಷೆ ಹಾಕಿದೆ. ಗೆರೆಗಳು ಸಮಭಾಜಕ ವೃತ್ತದ ಆಚೆಯಿಂದ ಬಂದು, ಆಫ್ರಿಕಾದ ಸೊಮಾಲಿಯಾ ಹತ್ತಿರ ಬಲಕ್ಕೆ ತಿರುಗಿ, ಅರಬ್ಬೀ ಸಮುದ್ರ ದಾಟಿ ನೇರ ನಮ್ಮ ಕರಾವಳಿಗೆ ನುಗ್ಗುತ್ತಿದ್ದವು. ಒಬ್ಬ ಹುಡುಗ ಗೋಡೆಯ ಹತ್ತಿರ ಬಂದು ಒಂದು ಗೆರೆಯ ಹಿಂದೆಯೇ ಬೆರಳು ಓಡಿಸಿದ. ಸಮುದ್ರ, ಮಂಗಳೂರು, ಘಟ್ಟ, ಆಮೇಲೆ ನಮ್ಮೂರು. ಅವನ ಬೆರಳು ನಿಂತದ್ದು ಕಿಟಕಿಯಾಚೆ ಗುಡ್ಡದ ಮೇಲೆ ತಿರುಗುತ್ತಿದ್ದ ವಿಂಡ್‌ಮಿಲ್ ಕಡೆಗೆ ತೋರಿಸುತ್ತಾ. "ಮಿಸ್, ನೀರೆಲ್ಲಾ ಆಗುಂಬೇಲೇ ಇಳಿಸಿ, ಖಾಲಿ ಗಾಳಿ ನಮಗೆ ಬರ್ತಿದೆ ಅಲ್ವಾ?" ಅಂದ. ಮಳೆನೆರಳಿನ ಪ್ರದೇಶ ಅಂತ ಎಷ್ಟೋ ವರ್ಷದಿಂದ ಬೋರ್ಡ್ ಮೇಲೆ ಬರೆಸಿದ್ದೇನೆ. ಅದನ್ನು ಒಂದು ಮಗು ತಾನೇ ಕಂಡುಹಿಡಿದದ್ದು ಅವತ್ತೇ ಮೊದಲು.

ಇನ್ನೊಬ್ಬಳು ಸುಮ್ನೆ ಮೆನುವಿನಲ್ಲಿ 250 ಅನ್ನುವುದನ್ನು ಒತ್ತಿದಳು. ಸುಮಾರು 10 ಕಿಲೋಮೀಟರ್ ಎತ್ತರದ ಗಾಳಿ ಅದು. ನಮ್ಮ ತಲೆಯ ಮೇಲೆ ಗೆರೆಗಳೆಲ್ಲ ಉಲ್ಟಾ, ಪೂರ್ವದಿಂದ ಪಶ್ಚಿಮಕ್ಕೆ! ಮುಂಗಾರಿನಲ್ಲಿ ಮೇಲ್ಗಾಳಿ ಹಾಗೇ ಬೀಸುವುದು. ಅದು ನಮ್ಮ ಪಾಠದಲ್ಲಿ ಇರಲೇ ಇಲ್ಲ, ಅವರೇ ಕೇಳಿ ಕೇಳಿ ನನ್ನ ಕೈಲಿ ಹೇಳಿಸಿದರು.

ನನಗೆ ಒಳ್ಳೆಯ ವಿನ್ಯಾಸ ಅಂದರೆ ಇದು. ಬರೀ ನೋಡಿ ಬರುವಂಥದ್ದಲ್ಲ, ಕೈ ಹಾಕಿ ಪ್ರಶ್ನೆ ಕೇಳುವಂಥದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನಲ್ಲಿ ಮಾಡಿದ ಮರಳಿನ ಪೆಟ್ಟಿಗೆಯೂ ಹೀಗೆಯೇ. ಮೇಲೆ ಒಂದು ಪ್ರೊಜೆಕ್ಟರ್, ಜೊತೆಗೆ ವಿಡಿಯೊ ಗೇಮಿಗೆ ಬಳಸುತ್ತಿದ್ದ ಕೈನೆಕ್ಟ್ ಕ್ಯಾಮರಾ. ಮರಳನ್ನು ಗುಡ್ಡೆ ಹಾಕಿದರೆ ಅದರ ಮೇಲೆ ಬೆಟ್ಟದ ಬಣ್ಣ, ಎತ್ತರದ ಗೆರೆಗಳು ತಾವಾಗಿಯೇ ಮೂಡುತ್ತವೆ. ಅಂಗೈ ಬಿಚ್ಚಿ ಮೇಲೆ ಹಿಡಿದರೆ ಬೆಳಕಿನ ಮಳೆ ಸುರಿದು ತಗ್ಗಿಗೆ ಹರಿಯುತ್ತದೆ. ಸಾಫ್ಟ್‌ವೇರ್ ಉಚಿತ. ನಮ್ಮ ಮಕ್ಕಳ ಕೈಗೆ ಸಿಕ್ಕಿದರೆ ಮೊದಲು ಎರಡು ಗುಡ್ಡ ಮಾಡಿ, ನಡುವೆ ಮಾರಿಕಣಿವೆ ಕಟ್ಟುತ್ತಾರೆ, ನನಗೆ ಗೊತ್ತು. 1933ರಲ್ಲಿ ತುಂಬಿದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಯಾಕೆ ಅಷ್ಟು ವರ್ಷ ಬೇಕಾಯಿತು ಅಂತ ಮರಳಿನಲ್ಲೇ ಮಾತಾಡಬಹುದು.

ಈಗ ನಿಮ್ಮಲ್ಲಿ ಒಂದು ಬೇಡಿಕೆ. ಮಳೆಗಾಲದಲ್ಲಿ ನೀವು ತಾಲ್ಲೂಕುವಾರು ಮಳೆಯ ಪಟ್ಟಿ ಹಾಕುತ್ತೀರಿ. ನಮ್ಮ ಅಪ್ಪ ಭೂತಗನ್ನಡಿ ಹಿಡಿದು ಓದುತ್ತಾರೆ, ಅಷ್ಟು ಸಣ್ಣ ಅಕ್ಷರ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಮಳೆಮಾಪಕಗಳಿವೆ, ಅಂದರೆ ಅಂಕಿಗಳಿಗೆ ಬರವಿಲ್ಲ. ಅವನ್ನು ಇಟ್ಟುಕೊಂಡು ನಿಮ್ಮ ವೆಬ್‌ಸೈಟಿನಲ್ಲಿ ಕನ್ನಡದ ಒಂದು ಮಳೆನಕ್ಷೆ ಮಾಡಿಸಿ. ಹೋಬಳಿ ಮುಟ್ಟಿದರೆ ಈ ವರ್ಷದ ಮಳೆ, ವಾಡಿಕೆ ಮಳೆ, ಹೋದ ವರ್ಷದ್ದು ಕಾಣಬೇಕು. ದಿನಾಂಕದ ಜೊತೆ ಆರಿದ್ರಾ, ಪುಷ್ಯ ಅಂತ ಮಳೆ ನಕ್ಷತ್ರದ ಹೆಸರೂ ಇರಲಿ, ಬೇಸಾಯ ಮಾಡುವವರು ಲೆಕ್ಕ ಇಡುವುದು ಅದರಲ್ಲೇ. ಕಡಿಮೆ ಬೆಲೆಯ ಫೋನಿನಲ್ಲೂ ತೆರೆಯುವ ಹಾಗೆ ಹಗುರವಾಗಿ ಮಾಡಿ. ವಿನ್ಯಾಸ ಕಲಿತ ಕನ್ನಡದ ಹುಡುಗ ಹುಡುಗಿಯರು ಬೇಕಾದಷ್ಟು ಜನ ಇದ್ದಾರೆ, ಕರೆದರೆ ಬರುತ್ತಾರೆ.

ಮಾಡಿದ ಮೇಲೆ ಮೊದಲು ನಮ್ಮ ಶಾಲೆಗೆ ಕಳಿಸಿ. ಒಂಬತ್ತನೇ ಕ್ಲಾಸಿನ 34 ಮಕ್ಕಳು ಬಳಸಿ ನೋಡಿ, ಯಾವ ಬಟನ್ ಅರ್ಥ ಆಗಲಿಲ್ಲ ಅಂತ ಮುಲಾಜಿಲ್ಲದೆ ಬರೆದು ಕಳಿಸುತ್ತಾರೆ.

ಇಂತಿ,
ಸಮಾಜ ವಿಜ್ಞಾನ ಶಿಕ್ಷಕಿ,
ಹಿರಿಯೂರು ತಾಲ್ಲೂಕು