ಕೊಂಬು ಮಾಡಿದೆ

ಪ್ರೀತಿಯ ಅಪ್ಪ, ಅಮ್ಮ,

ಕೋಪನ್‌ಹೇಗನ್‌ನಿಂದ ನಿಮ್ಮ ಮಗಳ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಮ್ಮ, ನೀನು ಕಳಿಸಿದ ಚಟ್ನಿಪುಡಿ ತಳ ಕಂಡಿದೆ. ಈ ಸಲದ ಸುದ್ದಿ ಮಾತ್ರ ಅಪ್ಪನಿಗೆ.

ಅಪ್ಪ, ಡೇನಿಶ್ ಕ್ಲಾಸಿನಲ್ಲಿ ನಾನು ದಿನಾ ಒಂದೇ ತಪ್ಪು ಮಾಡುತ್ತೇನೆ. ಇವರ ಸಾದಾ ವಾಕ್ಯದಲ್ಲಿ ಕ್ರಿಯಾಪದ ಎರಡನೇ ಜಾಗ ಬಿಟ್ಟು ಕದಲುವುದಿಲ್ಲ. 'ನಾನು ತಿಂದೆ ಬ್ರೆಡ್' ಅನ್ನಬೇಕು. 'ಇವತ್ತು' ಅಂತ ಶುರು ಮಾಡಿದರೆ 'ಇವತ್ತು ತಿಂದೆ ನಾನು ಬ್ರೆಡ್'. ನನ್ನ ಬಾಯಲ್ಲಿ 'ಇವತ್ತು ನಾನು' ಅಂತಲೇ ಬರುತ್ತದೆ. ಮೇಡಂ ಕೈ ಎತ್ತಿ ನಿಲ್ಲಿಸುತ್ತಾರೆ.

ಹೋದ ಶನಿವಾರ ಇಲ್ಲಿನ ನ್ಯಾಷನಲ್ ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿ ಡೆನ್ಮಾರ್ಕಿನದೇ ಗಲೆಹುಸ್ ಎಂಬ ಊರಿನ ಎರಡು ಚಿನ್ನದ ಕೊಂಬುಗಳ ನಕಲು ಇಟ್ಟಿದ್ದಾರೆ. ಅಸಲು ಸಿಕ್ಕಿದ್ದು ಆ ಊರಿನ ಮಣ್ಣಿನಲ್ಲಿ, ಒಂದು 1639ರಲ್ಲಿ, ಇನ್ನೊಂದು 1734ರಲ್ಲಿ. 1802ರಲ್ಲಿ ಒಬ್ಬ ಕಳ್ಳ ಎರಡನ್ನೂ ಕದ್ದು ಕರಗಿಸಿಬಿಟ್ಟ! ಪುಣ್ಯಕ್ಕೆ, ಎರಡನೆಯದರ ಮೇಲಿದ್ದ ರೂನ್ ಎಂಬ ಇಲ್ಲಿನ ಹಳೇ ಲಿಪಿಯ ಅಕ್ಷರಗಳನ್ನು ಅಷ್ಟರೊಳಗೆ ಬರೆದಿಟ್ಟುಕೊಂಡಿದ್ದರು. ಕಾಲ ಸುಮಾರು ಕ್ರಿ.ಶ. 400, ಭಾಷೆ ಡೇನಿಶ್‌ನ ಪೂರ್ವಜ.

'ಏಕ್ ಹ್ಲೆವಗಸ್ತಿಜ್ ಹೋಲ್ತಿಯಜ್ ಹೋರ್ನ ತವಿದೋ.'

ಏಕ್ ಅಂದರೆ ನಾನು. ನಡುವೆ ಇರುವುದು ಮಾಡಿದವನ ಹೆಸರು. ಹೋಲ್ತಿಯಜ್ ಅಂದರೆ ಹೋಲ್ಟನ ಮಗನೋ, ಹೋಲ್ಟ್ ಎಂಬ ಕಡೆಯವನೋ, ವಿದ್ವಾಂಸರಲ್ಲಿ ಜಗಳವಿದೆ. ಹೋರ್ನ ಅಂದರೆ ಕೊಂಬು, ತವಿದೋ ಅಂದರೆ ಮಾಡಿದೆ. ನಾನು, ಹ್ಲೆವಗಸ್ತಿಜ್, ಕೊಂಬು ಮಾಡಿದೆ. ಒಂದು ಪದವನ್ನೂ ಆಚೀಚೆ ಮಾಡದೆ ಕನ್ನಡವಾಯಿತು! ಗಾಜಿನ ಮುಂದೆ ಒಬ್ಬಳೇ ನಕ್ಕೆ. ಪಕ್ಕದಲ್ಲಿದ್ದ ಅಜ್ಜಿ ಸ್ವಲ್ಪ ದೂರ ಸರಿದರು.

ನೀವು ಮೇಷ್ಟ್ರು, ಒಂದೇ ವಾಕ್ಯ ನಂಬಬೇಡ ಅನ್ನುತ್ತೀರಿ. ನಿಜ. ಇದು ಪದ್ಯದ ಸಾಲು, ಮೂರು ಕಡೆ ಹಕಾರ ಬಂದಿರುವುದು ಸುಮ್ನೆ ಅಲ್ಲ. ಆ ಕಾಲದ ಬೇರೆ ಬರಹಗಳಲ್ಲಿ ಕ್ರಿಯಾಪದ ಬೇರೆ ಕಡೆಯೂ ಕೂರುತ್ತದೆ. ಆದರೂ ಡೇನಿಶ್‌ನ ನೆಂಟ ಭಾಷೆಯಾಡುವ ಜರ್ಮನ್ನರು 'ನಾನು ಕೊಂಬು ಮಾಡಿದೆ ಅಂತ ಹೇಳಿದ' ಅನ್ನುವಾಗ, ಆ 'ಮಾಡಿದೆ'ಯನ್ನು ಇವತ್ತಿಗೂ ಒಳವಾಕ್ಯದ ಕೊನೆಗೇ ಇಡುತ್ತಾರೆ. ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ನಲ್ಲೂ ಎಷ್ಟೋ ಸಲ ಹಾಗೇ ಇತ್ತು. ಆಮೇಲೆ ಇಂಗ್ಲಿಷ್‌ನಲ್ಲೂ ಡೇನಿಶ್‌ನಲ್ಲೂ ನಮ್ಮ 'ಅನ್ನು', 'ಗೆ' ತರಹದ ಪ್ರತ್ಯಯಗಳು ಹೆಚ್ಚುಕಮ್ಮಿ ಉದುರಿಹೋದವು. ಯಾರು ಯಾರಿಗೆ ಏನು ಮಾಡಿದರು ಅಂತ ಪದ ಕೂತ ಜಾಗದಿಂದಲೇ ತಿಳಿಯಬೇಕಾಯಿತು. ನಮಗೆ ಆ ತೊಂದರೆ ಇಲ್ಲ, 'ಹಾವನ್ನು ಕೊಂದಿತು ಮುಂಗುಸಿ' ಅಂದರೂ ಹಾವೇ ಸಾಯುತ್ತದೆ, ಅಲ್ವಾ? ಆದರೆ ಪ್ರತ್ಯಯ ಉಳಿಸಿಕೊಂಡ ಜರ್ಮನ್ ಕೂಡ ಸಾದಾ ವಾಕ್ಯದಲ್ಲಿ ಎರಡನೇ ಜಾಗಕ್ಕೇ ಅಂಟಿಕೊಂಡಿದೆ. ಹಾಗಾಗಿ ಕ್ರಿಯಾಪದ ಕೊನೆಯಿಂದ ಸರಿದಿದ್ದಕ್ಕೆ ಇದೊಂದೇ ಕಾರಣ ಅಂತ ನನಗೆ ಅನ್ನಿಸುವುದಿಲ್ಲ.

ನನಗೆ ತಕ್ಷಣ ನೆನಪಾಗಿದ್ದು ನಮ್ಮ ಹಲ್ಮಿಡಿ ಶಾಸನ. ಸುಮಾರು 450, ಹತ್ತಿರ ಹತ್ತಿರ ಅದೇ ಕಾಲ. ಅಲ್ಲೂ ಊರುಗಳ ಹೆಸರಾದ ಮೇಲೆ 'ಕೊಟ್ಟಾರ್'. ಮುಂದಿನ ಸಲ ಬೇಲೂರಿನ ಕಡೆ ಹೋದಾಗ, ಹಲ್ಮಿಡಿಯಲ್ಲಿ ನಿಲ್ಲಿಸಿರುವ ನಕಲು ಕಲ್ಲಿನ ಫೋಟೋ ಕಳಿಸಿ. ಅಕ್ಷರ ಕಾಣುವಂತೆ ಹತ್ತಿರದಿಂದ ತೆಗೆಯಿರಿ. ಮೇಡಂಗೆ ತೋರಿಸಬೇಕು.

ನಿಮ್ಮ ಮಗಳು