ಎಳೆಗೂಸು ಮೊಲೆ ಹಿಡಿಯದಿದ್ದರೆ: ಗುಂಪಿನ ತಾಯಂದಿರ ಗಮನಕ್ಕೆ

ಆತ್ಮೀಯರೇ, ಈ ವಾರ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ: ಮಗು ಸರಿಯಾಗಿ ಹಿಡಿಯುತ್ತಿಲ್ಲ, ತೊಟ್ಟು ಬಿರಿದು ಉರಿಯುತ್ತಿದೆ. ‘ಹಾಲು ಸಾಲದು, ಬಾಟಲಿ ಕೊಡು’ ಎನ್ನುವವರಿಗೆ ಅವಸರದಲ್ಲಿ ತಲೆಯಾಡಿಸಬೇಡಿ. ಮೊದಲು ಹಿಡಿತ ನೋಡಿ.

ಮಗುವಿನ ಹೊಟ್ಟೆ ನಿಮ್ಮ ಮೈಗೆ ತಾಗಿರಲಿ, ಮೂಗು ತೊಟ್ಟಿನ ನೇರಕ್ಕಿರಲಿ. ತೊಟ್ಟನ್ನು ಮೇಲ್ದುಟಿಗೆ ಸವರಿ, ಆಕಳಿಸುವಷ್ಟು ಬಾಯಿ ತೆರೆಯುವವರೆಗೆ ಕಾಯಿರಿ. ಆಗ ಮಗುವನ್ನು ಎದೆಗೆ ತನ್ನಿ. ನೀವು ಬಗ್ಗಬೇಡಿ, ನೋಯುವುದು ನಿಮ್ಮ ಬೆನ್ನೇ! ಮಗುವಿನ ಗದ್ದ ಎದೆಗೊತ್ತಿ, ಕೆಳದುಟಿ ಹೊರಕ್ಕೆ ಮಡಿಚಿಕೊಂಡು, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮಗುವಿನ ಮೇಲ್ದುಟಿಯ ಕಡೆ ಹೆಚ್ಚು ಕಂಡರೆ ಸರಿ. ನೋವಾದರೆ ಎಳೆಯದೆ, ಬಾಯಿಯ ಅಂಚಿನಲ್ಲಿ ಶುಚಿಯಾದ ಕಿರುಬೆರಳು ತೂರಿಸಿ ಬಿಡಿಸಿ, ಮತ್ತೆ ಹಿಡಿಸಿ. ಹಾಲು ತುಂಬಿ ಎದೆ ಕಟ್ಟಿಕೊಂಡಿದ್ದರೆ ಸ್ವಲ್ಪ ಹಾಲು ಹಿಂಡಿ ಮೆದುಮಾಡಿಕೊಳ್ಳಿ. ಆ ಹಾಲನ್ನು ಒಳಲೆಯಲ್ಲಿ (ಕೂಸಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಬಟ್ಟಲು) ಕುಡಿಸಬಹುದು. ಒಳಲೆಯನ್ನು ಕುದಿಸಿಯೇ ಬಳಸಿ.

ಐದು ದಿನ ಕಳೆದ ಮಗು ದಿನಕ್ಕೆ 6ಕ್ಕಿಂತ ಕಡಿಮೆ ಬಾರಿ ಮೂತ್ರ ಮಾಡಿದರೆ, ಹಾಲಿಗೂ ಏಳದೆ ಮಂಪರಿನಲ್ಲಿದ್ದರೆ, ಅಥವಾ ನಿಮಗೆ ಜ್ವರ ಬಂದರೆ ಗುಂಪಿನಲ್ಲಿ ಕೇಳುತ್ತ ಕೂರದೆ ಅಂದೇ ವೈದ್ಯರಲ್ಲಿಗೆ ಹೋಗಿ.

ಹಾಲೂಡಿಸುವ ಫೋಟೊಗಳನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಹಿಡಿತವನ್ನು ಆಶಾ ಕಾರ್ಯಕರ್ತೆಗೋ ದಾದಿಗೋ ಎದುರಿಗೇ ತೋರಿಸಿ.